ಹಿತ್ತಲ ಗಿಡ ಮಾರಾಟಕ್ಕಿದೆ

ಬಾಸ್ಟನ್ ರೆಡ್ ಸಾಕ್ಸ್ ಬೇಸ್‌ಬಾಲ್ ತಂಡ ಸ್ವಂತ ಮೈದಾನದಲ್ಲಿ ತೊಡುವ ಬಿಳಿ ಅಂಗಿಯ ಬೆನ್ನಿನ ಮೇಲೆ ಆಟಗಾರನ ಹೆಸರಿರುವುದಿಲ್ಲ, ಸಂಖ್ಯೆಯೊಂದೇ ಇರುತ್ತದೆ. ವ್ಯಕ್ತಿಗಿಂತ ತಂಡ ದೊಡ್ಡದು ಎಂಬ ಘನ ತತ್ತ್ವ ಇದರ ಹಿಂದಿದೆ ಎಂದು ಊರಿಗೆ ಹೊಸದಾಗಿ ಬಂದವರಿಗೆ ಇಲ್ಲಿನವರು ಕಿವಿಮಾತು ಹೇಳುತ್ತಾರೆ. ತತ್ತ್ವ ಹಾಗಿರಲಿ, ಉಳಿತಾಯ ನೋಡಿ. ಹೆಸರು ಹೊಲಿಯುವ ಖರ್ಚಿಲ್ಲ, ಮುಂದಿನ ವರ್ಷ ಬಿಚ್ಚುವ ಕೂಲಿಯೂ ಇಲ್ಲ. 50 ಎಂದರೆ ಮೂಕಿ ಬೆಟ್ಸ್ ಆಗಿದ್ದ. 2 ಎಂದರೆ ಜಾಂಡರ್ ಬೋಗಾರ್ಟ್ಸ್. 11 ಎಂದರೆ ರಫಾಯೆಲ್ ಡೆವರ್ಸ್. ಮೂವರನ್ನೂ ಈ ತಂಡವೇ ಮೀಸೆ ಮೂಡುವ ವಯಸ್ಸಿನಲ್ಲಿ ಹುಡುಕಿ ತಂದು, ಸಣ್ಣ ಊರುಗಳ ಕಿರಿಯ ತಂಡಗಳಲ್ಲಿ ವರ್ಷಗಟ್ಟಲೆ ಆಡಿಸಿ ಬೆಳೆಸಿತು. ಮೂವರೂ ಸೇರಿ 2018ರಲ್ಲಿ ವರ್ಲ್ಡ್ ಸೀರೀಸ್ ಎಂಬ ಅಮೆರಿಕದ ಅತಿ ದೊಡ್ಡ ಬೇಸ್‌ಬಾಲ್ ಕಪ್ ಗೆದ್ದುಕೊಟ್ಟರು. ಈಗ ಮೂವರೂ ಕ್ಯಾಲಿಫೋರ್ನಿಯಾದಲ್ಲಿದ್ದಾರೆ. ಒಬ್ಬ ಲಾಸ್ ಏಂಜಲೀಸಿನಲ್ಲಿ, ಒಬ್ಬ ಸ್ಯಾನ್ ಡಿಯಾಗೋದಲ್ಲಿ, ಒಬ್ಬ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಹೆಣ್ಣುಮಕ್ಕಳನ್ನು ಒಂದೇ ಸೀಮೆಗೆ ಕೊಟ್ಟರೆ ಹೋಗಿಬರಲು ಅನುಕೂಲ ಎಂದು ನಮ್ಮ ಹಿರಿಯರು ಲೆಕ್ಕ ಹಾಕುತ್ತಿದ್ದಂತೆ ಯಾರೋ ಕುಳಿತು ಯೋಚಿಸಿದ್ದಾರೆ.

ಹಿತ್ತಲ ಗಿಡ ಮದ್ದಲ್ಲ ಎನ್ನುವುದು ನಮ್ಮಲ್ಲಿ ಗೊಣಗಾಟದ ಮಾತು. ಬಾಸ್ಟನ್ನಿನ ಆಡಳಿತ ಅದನ್ನು ಅಧಿಕೃತ ನೀತಿಯನ್ನಾಗಿ ಮಾಡಿಕೊಂಡಿದೆ. ಗಿಡ ಮದ್ದೇ ಹೌದೆಂದು ಊರಿಗೆಲ್ಲ ಸಾಬೀತಾದ ಕೂಡಲೇ ಬೇರುಸಹಿತ ಕಿತ್ತು ಯಾರಿಗಾದರೂ ಕೊಟ್ಟುಬಿಡುವುದು, ಬದಲಿಗೆ ಮೂರು ಬೀಜದ ಪೊಟ್ಟಣ ತರುವುದು.

ಬೆಂಗಳೂರಿನ ಓದುಗರಿಗೆ ಹರಾಜಿನ ನೋವು ಹೊಸತಲ್ಲ. ಚಾಹಲ್‌ನನ್ನು ಬಿಟ್ಟುಕೊಟ್ಟ ಗಾಯವನ್ನು 2025ರ ಐಪಿಎಲ್ ಕಪ್ ಕೂಡ ಪೂರ್ತಿ ಮಾಯಿಸಿಲ್ಲವೆಂದು ಕೇಳಿದ್ದೇನೆ. ಆದರೆ ಐಪಿಎಲ್‌ನಲ್ಲಿ ಹರಾಜಿನ ಹಣಕ್ಕೆ ಮಂಡಳಿಯೇ ಮಿತಿ ಹಾಕಿರುತ್ತದೆ, ಮಾಲೀಕ ಕುಬೇರನಾದರೂ ಅದನ್ನು ದಾಟುವಂತಿಲ್ಲ. ಅಮೆರಿಕದ ಮೇಜರ್ ಲೀಗಿನಲ್ಲಿ ಅಂಥ ಗೋಡೆ ಇಲ್ಲ. ಎಷ್ಟು ಬೇಕಾದರೂ ಸಂಬಳ ಕೊಡಬಹುದು, ಒಂದು ಮೊತ್ತ ಮೀರಿದರೆ ಮೀರಿದಷ್ಟಕ್ಕೆ ಐಷಾರಾಮಿ ತೆರಿಗೆ ಕಟ್ಟಬೇಕು, ಅಷ್ಟೇ. 2020ರಲ್ಲಿ ಆ ಗೆರೆ 20 ಕೋಟಿ 80 ಲಕ್ಷ ಡಾಲರಿಗೆ ಇತ್ತು. ಮೊದಲ ವರ್ಷ ಮೀರಿದರೆ ನೂರಕ್ಕೆ ಇಪ್ಪತ್ತು, ಸತತ ಎರಡನೆಯ ವರ್ಷ ಮೂವತ್ತು, ಮೂರನೆಯ ವರ್ಷ ಐವತ್ತು. ಒಂದು ವರ್ಷ ಗೆರೆಯ ಕೆಳಗೆ ತಲೆ ತಗ್ಗಿಸಿದರೆ ಮತ್ತೆ ಇಪ್ಪತ್ತರಿಂದ ಎಣಿಕೆ. ರೆಡ್ ಸಾಕ್ಸ್ 2018 ಮತ್ತು 2019ರಲ್ಲಿ ಗೆರೆ ಮೀರಿತ್ತು. ಮೂರನೆಯ ವರ್ಷ ಹತ್ತಿರ ಬಂದಾಗ ಆಡಳಿತದ ಕಣ್ಣು ಬೆಟ್ಸ್ ಮೇಲೆ ಬಿತ್ತು.

ಬೆಟ್ಸ್ ಎಂದರೆ ಯಾರು? ಮೇಜರ್ ಲೀಗಿನ ಎರಡು ಪಾಲುಗಳಲ್ಲೊಂದಾದ ಅಮೆರಿಕನ್ ಲೀಗಿನ 2018ರ ಅತ್ಯಮೂಲ್ಯ ಆಟಗಾರ. ಓಡುತ್ತಾನೆ, ಹಿಡಿಯುತ್ತಾನೆ, ಹೊಡೆಯುತ್ತಾನೆ, ನಗುತ್ತಾನೆ. ಹತ್ತು ವರ್ಷಕ್ಕೆ 30 ಕೋಟಿ ಕೊಡುತ್ತೇವೆಂದರೂ ಅವನು ಒಪ್ಪಲಿಲ್ಲ ಎಂದು ತಂಡದ ಪರವಾಗಿ ಮಾತಾಡುವವರು ಈಗಲೂ ಹೇಳುತ್ತಾರೆ. ಸರಿ, ಚೌಕಾಶಿಯಲ್ಲಿ ಇದೆಲ್ಲ ಇದ್ದದ್ದೇ. ಆದರೆ 2020ರ ಫೆಬ್ರುವರಿಯಲ್ಲಿ ಏನಾಯಿತೆಂದರೆ, ಅವನನ್ನು ಲಾಸ್ ಏಂಜಲೀಸ್ ಡಾಡ್ಜರ್ಸ್‌ಗೆ ಕೊಟ್ಟರು. ಜೊತೆಗೆ ಡೇವಿಡ್ ಪ್ರೈಸ್ ಎಂಬ, ಚೆಂಡೆಸೆಯುವ ಕೆಲಸದ ಹಿರಿಯ ಪಿಚರ್‌ನನ್ನೂ ಕೊಟ್ಟರು. ಪ್ರೈಸ್‌ನ ಉಳಿದ ಸಂಬಳದಲ್ಲಿ ಅರ್ಧವನ್ನು, ಅಂದರೆ 4 ಕೋಟಿ 80 ಲಕ್ಷ ಡಾಲರನ್ನು, ಬಾಸ್ಟನ್ನೇ ಹೊತ್ತುಕೊಂಡಿತು. ಐದೇ ತಿಂಗಳಲ್ಲಿ ಡಾಡ್ಜರ್ಸ್ ಬೆಟ್ಸ್‌ನೊಂದಿಗೆ 12 ವರ್ಷಕ್ಕೆ 36 ಕೋಟಿ 50 ಲಕ್ಷದ ಒಪ್ಪಂದ ಮಾಡಿಕೊಂಡಿತು. ಆ ವರ್ಷವೇ ವರ್ಲ್ಡ್ ಸೀರೀಸ್ ಗೆದ್ದಿತು. 2024ರಲ್ಲಿ ಮತ್ತೆ, 2025ರಲ್ಲಿ ಮತ್ತೆ.

ಬದಲಿಗೆ ಬಂದ ಮೂವರನ್ನೂ ಮರೆಯಬಾರದು. ಅವರಲ್ಲಿ ಬೀಜದ ಪೊಟ್ಟಣಗಳ ಪೈಕಿ ಅತಿ ಹೊಳಪಿನದು ಜೀಟರ್ ಡೌನ್ಸ್ ಎಂಬ ಹುಡುಗ. ನಮ್ಮ ಜನ್ಮವೈರಿ ನ್ಯೂಯಾರ್ಕ್ ಯಾಂಕೀಸ್ ತಂಡದ ನಾಯಕನಾಗಿದ್ದ ಡೆರೆಕ್ ಜೀಟರ್ ಮೇಲಿನ ಅಭಿಮಾನಕ್ಕೆ ತಂದೆತಾಯಿ ಇಟ್ಟ ಹೆಸರು ಅದು. ಬೆಟ್ಸ್ ಹೋದ ಮನೆಗೆ ಯಾಂಕೀಸ್ ಹೆಸರು ಹೊತ್ತವನು ಬಂದ. 2022ರಲ್ಲಿ 14 ಪಂದ್ಯ ಆಡಿ .154 ಸರಾಸರಿಯಲ್ಲಿ ಹೊಡೆದ. ಅರ್ಥವಾಗುವಂತೆ ಹೇಳಬೇಕೆಂದರೆ, ನೂರು ಸಲ ಬ್ಯಾಟ್ ಹಿಡಿದು ನಿಂತರೆ ಹದಿನೈದು ಸಲ ಸಾರ್ಥಕ. ಅದೇ ಡಿಸೆಂಬರಿನಲ್ಲಿ ಅವನನ್ನು ಬಿಟ್ಟರು. ಎರಡನೆಯವನು ಅಲೆಕ್ಸ್ ವರ್ಡುಗೋ, ಅವನನ್ನು 2023ರ ಕೊನೆಯಲ್ಲಿ ಕೊಟ್ಟದ್ದು ಬೇರೆ ಯಾರಿಗೂ ಅಲ್ಲ, ಅದೇ ಯಾಂಕೀಸ್‌ಗೆ. ಮೂರನೆಯವನು ಕಾನರ್ ವಾಂಗ್ ಎಂಬ ಕ್ಯಾಚರ್, ಅಂದರೆ ಬ್ಯಾಟಿನವನ ಹಿಂದೆ ಕುಳಿತು ಚೆಂಡು ಹಿಡಿಯುವವನು. ಒಳ್ಳೆಯ ಹುಡುಗ, ಅವನ ಮೇಲೆ ನನಗೆ ಯಾವ ದ್ವೇಷವೂ ಇಲ್ಲ. ಆದರೆ ಅವನು ಮಂಡಿಯೂರಿ ಕುಳಿತಾಗಲೆಲ್ಲ ಸುತ್ತಲಿನ ಸಾವಿರಾರು ಜನ ಅವನ ಬೆನ್ನಿನ ಮೇಲೆ 36 ಕೋಟಿ 50 ಲಕ್ಷ ಎಂಬ ಸಂಖ್ಯೆಯನ್ನು ಓದುತ್ತಾರೆ. ಪಾಪ, ಅದು ಅವನ ತಪ್ಪಲ್ಲ.

ಹಳೆಯ ಪಾಪ ಒಂದಿದೆ, ಅದನ್ನು ಇಲ್ಲಿನ ಮಕ್ಕಳಿಗೆ ಲಾಲಿಯ ಜೊತೆಗೇ ಹೇಳಿಕೊಡುತ್ತಾರೆ. 1919ರ ಡಿಸೆಂಬರಿನಲ್ಲಿ ಅಂದಿನ ಮಾಲೀಕ ಹ್ಯಾರಿ ಫ್ರೇಜಿ ಬೇಬ್ ರೂತ್‌ನನ್ನು ಒಂದು ಲಕ್ಷ ಡಾಲರಿಗೆ ಯಾಂಕೀಸ್‌ಗೆ ಮಾರಿದ. ಅದಕ್ಕೂ ಮೊದಲು ಐದು ಸಲ ಗೆದ್ದಿದ್ದ ತಂಡ ಮುಂದಿನ ಕಪ್ ನೋಡಿದ್ದು 2004ರಲ್ಲಿ. ಶಾಪವೆಂದರು. ಆದರೆ ಫ್ರೇಜಿಯ ಪರವಾಗಿ ಒಂದು ಮಾತು ಹೇಳಲೇಬೇಕು: ಅವನು ನಾಟಕದ ಕಂಪನಿ ನಡೆಸುತ್ತಿದ್ದವನು, ಸಾಲಗಾರರು ಬಾಗಿಲಿಗೆ ಬರುತ್ತಿದ್ದರು, ದುಡ್ಡು ನಿಜವಾಗಿಯೂ ಬೇಕಿತ್ತು. ಇಂದಿನ ಮಾಲೀಕ ಜಾನ್ ಹೆನ್ರಿ ಅವರ ಕಂಪನಿಗೆ ಲಿವರ್‌ಪೂಲ್ ಫುಟ್‌ಬಾಲ್ ತಂಡವೂ ಇದೆ, ಪಿಟ್ಸ್‌ಬರ್ಗಿನ ಐಸ್ ಹಾಕಿ ತಂಡವೂ 2025ರಲ್ಲಿ ಇತ್ತು. 2025ರ ಬೇಸಿಗೆಯಲ್ಲಿ ಇದೇ ಲಿವರ್‌ಪೂಲ್ ಅಲೆಕ್ಸಾಂಡರ್ ಇಸಾಕ್ ಎಂಬ ಒಬ್ಬ ಆಟಗಾರನಿಗಾಗಿ 12 ಕೋಟಿ 50 ಲಕ್ಷ ಪೌಂಡ್ ಎಣಿಸಿ ಕೊಟ್ಟು ಬ್ರಿಟನ್ನಿನ ದಾಖಲೆ ಮುರಿಯಿತು. ಬಾಸ್ಟನ್ನಿಗೆ ಕೊಡಲು ಮಾತ್ರ ಬಂದದ್ದು ತಾಳ್ಮೆಯ ಉಪದೇಶ.

ಉಪದೇಶದ ವಿಷಯಕ್ಕೆ ಬಂದರೆ 2023ರ ನವೆಂಬರನ್ನು ನೆನೆಯಬೇಕು. ತಂಡದ ಅಧ್ಯಕ್ಷ ಟಾಮ್ ವರ್ನರ್ ಇನ್ನು ಮುಂದೆ ಎಲ್ಲ ರೀತಿಯಲ್ಲೂ ಪೂರ್ಣ ವೇಗ ಎಂದು ಘೋಷಿಸಿದರು. ಡಿಸೆಂಬರ್ 30ಕ್ಕೆ ಪಿಚರ್ ಕ್ರಿಸ್ ಸೇಲ್ ಅಟ್ಲಾಂಟಾಕ್ಕೆ ಹೊರಟ, ಜೊತೆಗೆ ದಾರಿಖರ್ಚಿಗೆಂಬಂತೆ 1 ಕೋಟಿ 70 ಲಕ್ಷ ಡಾಲರೂ ಹೊರಟಿತು. ಬಾಸ್ಟನ್ನಿನಲ್ಲಿ ಸೇಲ್ ವರ್ಷಗಟ್ಟಲೆ ಗಾಯದಲ್ಲೇ ಇದ್ದನೆಂಬುದು ನಿಜ, ಕೊಟ್ಟಾಗ ಅತ್ತವರು ಕಡಿಮೆ. ಮರುವರ್ಷ ಅವನು 18 ಪಂದ್ಯ ಗೆದ್ದು ನ್ಯಾಷನಲ್ ಲೀಗಿನ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಪಡೆದ. ಬದಲಿಗೆ ಬಂದ ವಾನ್ ಗ್ರಿಸಮ್ ಆ ವರ್ಷ 31 ಪಂದ್ಯಗಳಲ್ಲಿ .190. ಸೇಲ್ ಜಾಗ ತುಂಬಲು 3 ಕೋಟಿ 85 ಲಕ್ಷಕ್ಕೆ ಕರೆತಂದ ಲೂಕಸ್ ಜಿಯೊಲಿಟೊ ಅಭ್ಯಾಸ ಶಿಬಿರದಲ್ಲೇ ಮೊಣಕೈ ನೋಯಿಸಿಕೊಂಡು ಇಡೀ ವರ್ಷ ಒಂದು ಚೆಂಡೂ ಎಸೆಯಲಿಲ್ಲ. ವೇಗದ ಬಗ್ಗೆ ವರ್ನರ್ ಸುಳ್ಳು ಹೇಳಲಿಲ್ಲ. ಯಾವ ದಿಕ್ಕಿಗೆ ಎಂದು ನಾವೇ ಕೇಳಲಿಲ್ಲ.

ಇದೆಲ್ಲ ಪೀಠಿಕೆ. ಡೆವರ್ಸ್ ಪ್ರಕರಣವೇ ನಿಜವಾದ ಪ್ರಸಂಗ, ಅದನ್ನು ಯಕ್ಷಗಾನಕ್ಕೆ ಕೊಟ್ಟರೆ ಬೆಳಗಿನ ಜಾವದವರೆಗೂ ನಡೆದೀತು.

ಬೆಟ್ಸ್ ಹೋದ, 2022ರ ಡಿಸೆಂಬರಿನಲ್ಲಿ ಬೋಗಾರ್ಟ್ಸ್ 28 ಕೋಟಿಗೆ ಸ್ಯಾನ್ ಡಿಯಾಗೋಗೆ ಹೋದ. ಊರು ಕೆಂಡವಾಯಿತು. ಆಗ ಆಡಳಿತ ಬೆಚ್ಚಿ, 2023ರ ಜನವರಿಯಲ್ಲಿ ಡೆವರ್ಸ್‌ಗೆ ಹತ್ತು ವರ್ಷಕ್ಕೆ 31 ಕೋಟಿ 35 ಲಕ್ಷ ಕೊಟ್ಟಿತು. ಇವನೇ ನಮ್ಮ ಮುಖ, ಮೂರನೆಯ ಬೇಸ್ ಎಂಬ ಕಾವಲು ಜಾಗಕ್ಕೆ ಇವನೇ ಒಡೆಯ ಎಂದು ಹಾರ ಹಾಕಿತು. ಎರಡು ವರ್ಷ ಕಳೆದ ಮೇಲೆ, 2025ರ ಫೆಬ್ರುವರಿಯಲ್ಲಿ, ಅದೇ ಮೂರನೆಯ ಬೇಸಿಗೆ ಅಲೆಕ್ಸ್ ಬ್ರೆಗ್‌ಮನ್‌ನನ್ನು ಕರೆತಂದಿತು. ಬ್ರೆಗ್‌ಮನ್ ಚೆಂಡು ಹಿಡಿಯುವುದರಲ್ಲಿ ಶ್ರೇಷ್ಠನಿಗೆ ಕೊಡುವ ಗೋಲ್ಡ್ ಗ್ಲೋವ್ ಗೆದ್ದವನು, ಡೆವರ್ಸ್‌ನ ಚೆಂಡು ಹಿಡಿಯುವ ಕಲೆ ಅಷ್ಟಕ್ಕಷ್ಟೇ, ಇದನ್ನು ಡೆವರ್ಸ್‌ನ ತಾಯಿಯೂ ಒಪ್ಪಿಯಾಳು. ಆದರೆ ಮನೆಗೆ ಎರಡನೆಯ ಅಡುಗೆಯವನನ್ನು ತರುವ ಮುನ್ನ ಒಳಗೆ ಒಲೆಯ ಮುಂದೆ ನಿಂತವನಿಗೆ ಒಂದು ಮಾತು ಹೇಳುವ ಪದ್ಧತಿ ಇದೆ. ಮೂರನೆಯ ಬೇಸ್ ನನ್ನ ಜಾಗ ಎಂದ ಡೆವರ್ಸ್. ಇನ್ನು ನೀನು ಬ್ಯಾಟ್ ಮಾತ್ರ ಬೀಸು, ಗ್ಲೌಸ್ ಒಳಗಿಡು ಎಂದರು ಅವರು. ಹಲ್ಲು ಕಚ್ಚಿ ಒಳಗಿಟ್ಟ.

ಮೇ ತಿಂಗಳಲ್ಲಿ ಮೊದಲನೆಯ ಬೇಸಿನ ಟ್ರಿಸ್ಟನ್ ಕಸಾಸ್ ಓಡುವಾಗ ಬಿದ್ದು ಮಂಡಿಯ ಸ್ನಾಯುರಜ್ಜು ಹರಿದುಕೊಂಡ. ಈಗ ಆಡಳಿತ ಮತ್ತೆ ಡೆವರ್ಸ್ ಬಾಗಿಲಿಗೆ ಬಂತು: ಅಪ್ಪಾ, ಗ್ಲೌಸ್ ಹೊರಗೆ ತೆಗೆ, ಮೊದಲನೆಯ ಬೇಸಿನಲ್ಲಿ ನಿಲ್ಲು. ಒಳಗಿಡು ಎಂದವರು ನೀವೇ ಅಲ್ಲವೇ ಎಂದು ಕೇಳಿದ. ಮಾಲೀಕರೇ ವಿಮಾನ ಹತ್ತಿ ಕಾನ್ಸಸ್ ಸಿಟಿಗೆ ಹೋಗಿ ಮಾತಾಡಿಸಿ ಬಂದರು. ಜೂನ್ 15ರ ಭಾನುವಾರ ನಮ್ಮ ಫೆನ್‌ವೇ ಮೈದಾನದಲ್ಲಿ ಯಾಂಕೀಸ್ ವಿರುದ್ಧ ಡೆವರ್ಸ್ ಹೋಮ್ ರನ್ ಹೊಡೆದ, ಸರಣಿಯ ಮೂರೂ ಪಂದ್ಯ ಬಾಸ್ಟನ್ನಿನದಾಯಿತು, ಊರಿಗೆ ಊರೇ ಕುಣಿಯಿತು. ಆ ಸಂಜೆ ತಂಡ ಸಿಯಾಟಲ್ ವಿಮಾನಕ್ಕೆ ಹೊರಡುವ ಹೊತ್ತಿಗೆ ಅವನಿಗೆ ಹೇಳಿದರು: ನೀನು ಈ ವಿಮಾನ ಹತ್ತಬೇಡ, ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗು. ಮುಂದಿನ ವಾರವೇ ತಂಡ ಅಲ್ಲಿಗೆ ಆಡಲು ಹೋದಾಗ ಡೆವರ್ಸ್ ನಮ್ಮ ಮೇಲೇ ಹೋಮ್ ರನ್ ಹೊಡೆದ. ಜುಲೈನಲ್ಲಿ ಅದೇ ಡೆವರ್ಸ್ ಅಲ್ಲಿ ಯಾವ ಮೊದಲನೆಯ ಬೇಸಿನಲ್ಲಿ ನಿಲ್ಲುವುದಿಲ್ಲ ಎಂದಿದ್ದನೋ ಅಲ್ಲೇ ಗ್ಲೌಸ್ ಹಾಕಿ ನಿಂತ. ಅವರು ಏನು ಮಂತ್ರ ಹಾಕಿದರೋ ತಿಳಿಯದು. ಬಹುಶಃ ಮರ್ಯಾದೆಯಿಂದ ಕೇಳಿರಬೇಕು.

ಇನ್ನು ಬ್ರೆಗ್‌ಮನ್. ಯಾರಿಗಾಗಿ ಇಷ್ಟೆಲ್ಲ ನಡೆಯಿತೋ ಆ ಮಹಾನುಭಾವ ಋತು ಮುಗಿದ ಕೂಡಲೇ ಒಪ್ಪಂದದ ಷರತ್ತು ಬಳಸಿ ಹೊರಬಿದ್ದು ಶಿಕಾಗೋ ಕಬ್ಸ್ ಸೇರಿಕೊಂಡ. ಮೂರನೆಯ ಬೇಸಿಗಾಗಿ ಇಬ್ಬರನ್ನು ಕಾದಾಡಿಸಿ, ಒಂದೇ ವರ್ಷದೊಳಗೆ ಇಬ್ಬರನ್ನೂ ಕಳೆದುಕೊಂಡ ಕೀರ್ತಿ ಲೀಗಿನಲ್ಲಿ ಬೇರೆ ಯಾರಿಗಿದೆಯೋ ಹುಡುಕಬೇಕು.

ನ್ಯಾಯವಾಗಿ ಒಂದು ಮಾತು ಸೇರಿಸಬೇಕು, ಇಲ್ಲವಾದರೆ ಮನೆಯಲ್ಲೇ ಜಗಳವಾಗುತ್ತದೆ. ಡೆವರ್ಸ್ ಹೋದ ಮೇಲೆ ತಂಡ ಹೆಚ್ಚು ಪಂದ್ಯ ಗೆಲ್ಲಲೂಬಹುದು ಎಂದು ಮುಖ್ಯಸ್ಥ ಕ್ರೇಗ್ ಬ್ರೆಸ್ಲೊ ಅಂದಾಗ ನಕ್ಕಿದ್ದೆವು. ಆ ವರ್ಷ ತಂಡ 89 ಪಂದ್ಯ ಗೆದ್ದು, 2021ರ ನಂತರ ಮೊದಲ ಬಾರಿಗೆ ಪ್ಲೇಆಫ್‌ಗೆ ಹೋಯಿತು. ಅಲ್ಲಿ ಯಾಂಕೀಸ್ ಎದುರು ಮೊದಲ ಸುತ್ತಿನಲ್ಲೇ ಸೋತು ಬಂದು ಅಭಿಮಾನಿಗಳ ನಗುವನ್ನು ಬಡ್ಡಿಸಮೇತ ಹಿಂತಿರುಗಿಸಿತು.

ಇಷ್ಟೆಲ್ಲ ಆದರೂ ನನಗೆ ಹೆದರಿಕೆ ಹುಟ್ಟಿಸಿದ್ದು ಆಡಳಿತವಲ್ಲ, ನಮ್ಮವರೇ. ಕನ್ನಡ ಕೂಟದ ದೀಪಾವಳಿ ಊಟದ ಸಾಲಿನಲ್ಲಿ ನಿಂತಿದ್ದಾಗ ಶ್ರೂಸ್‌ಬರಿಯ ಹುಡುಗನೊಬ್ಬ, ಹೈಸ್ಕೂಲು, ಕೈಯಲ್ಲಿ ಬಿಸಿಬೇಳೆಬಾತಿನ ತಟ್ಟೆ, ನನಗೆ ಸಮಾಧಾನ ಹೇಳಿದ.

"ಡೆವರ್ಸ್‌ಗೆ 2033ರವರೆಗೆ ಸಂಬಳ ಕೊಡಬೇಕಿತ್ತು ಅಂಕಲ್. ಅವನನ್ನು ಕೊಟ್ಟದ್ದರಿಂದ 25 ಕೋಟಿ ಡಾಲರಿಗಿಂತ ಹೆಚ್ಚು ಉಳಿಯಿತು."

"ಯಾರಿಗೆ ಉಳಿಯಿತಪ್ಪಾ?"

"ನಮಗೆ."

"ಹಾಗಾದರೆ ನಿಮ್ಮ ತಂದೆಗೆ ಟಿಕೆಟ್ ಅಗ್ಗವಾಯಿತೇ?"

"ಅದು ಬೇರೆ ಲೆಕ್ಕ ಅಂಕಲ್," ಎಂದು ಹಪ್ಪಳ ಮುರಿದ.

ಹಿಂದೆ ಆ ವಯಸ್ಸಿನ ಹುಡುಗರು ಯಾರು ಎಷ್ಟು ದೂರ ಹೊಡೆದರೆಂದು ಬಾಯಿಪಾಠ ಮಾಡುತ್ತಿದ್ದರು. ಈಗಿನವರಿಗೆ ಯಾವ ಒಪ್ಪಂದ ಯಾವ ವರ್ಷ ಮುಗಿಯುತ್ತದೆ, ಯಾವ ಸಂಬಳ ತೆರಿಗೆಯ ಲೆಕ್ಕಕ್ಕೆ ಎಷ್ಟು ಬೀಳುತ್ತದೆ ಎಂಬುದು ಮಗ್ಗಿಯಂತೆ ಬರುತ್ತದೆ. ಕೋಟ್ಯಧೀಶರ ಖಜಾನೆಗೆ ಸಂಬಳವಿಲ್ಲದ ಗುಮಾಸ್ತರಾಗಿ ನಾವೇ ಸೇರಿಕೊಂಡಿದ್ದೇವೆ. ಅರ್ಜಿ ಹಾಕಿದ್ದೂ ನಾವೇ, ಅಂಗಿ ಕೊಂಡದ್ದೂ ನಾವೇ.

ಆದ್ದರಿಂದ ಆಡಳಿತಕ್ಕೆ ನನ್ನದೂ ಕೆಲವು ಸಲಹೆಗಳಿವೆ. ಫೆನ್‌ವೇಯ ಎಡಬದಿಯಲ್ಲಿ 37 ಅಡಿ ಎತ್ತರದ ಹಸಿರು ಗೋಡೆಯಿದೆ. 1912ರ ಮೈದಾನ, ವಯಸ್ಸಾಗಿದೆ, ಓಡುವುದಿಲ್ಲ, ಉಳಿದ ಒಪ್ಪಂದ ಬಹಳ ಉದ್ದ. ಅದನ್ನು ಈಗಲೇ ಯಾಂಕೀಸ್‌ಗೆ ಕೊಟ್ಟರೆ ಬದಲಿಗೆ ಮೂರಡಿ ಎತ್ತರದ, ಒಳ್ಳೆಯ ಭವಿಷ್ಯವಿರುವ ನಾಲ್ಕು ಕಾಂಪೌಂಡುಗಳು ಸಿಗಬಹುದು, 2031ರ ಹೊತ್ತಿಗೆ ಬೆಳೆದಾವು. ಗೋಡೆಯೊಳಗೆ ಕುಳಿತು ಇಂದಿಗೂ ಕೈಯಿಂದಲೇ ಅಂಕದ ಹಲಗೆ ಬದಲಾಯಿಸುವವರನ್ನು ಗೋಡೆಯ ಜೊತೆಗೇ ಕಳಿಸಬಹುದು. ಹಳೆಯ ಗ್ಯಾಲರಿಯ ಕಂಬಗಳನ್ನು ಮಾತ್ರ ಇಟ್ಟುಕೊಳ್ಳಿ. ಅವುಗಳ ಹಿಂದೆ ಕುಳಿತವರಿಗೆ ಪಿಚರ್ ಕಾಣುವುದಿಲ್ಲ, ಮುಂದಿನ ದಿನಗಳಲ್ಲಿ ಅದೊಂದು ಸೌಲಭ್ಯವೇ ಆದೀತು. ಬಲಬದಿಯ ಕೆಲವು ಆಸನಗಳು ಮೊದಲೇ ಆಟದ ಕಡೆಗೆ ಮುಖ ಮಾಡಿಲ್ಲ, ಕತ್ತು ತಿರುಗಿಸಿಯೇ ನೋಡಬೇಕು. ಅಲ್ಲಿ ಕುಳಿತವರು ತಿರುಗಿಸದೆ ಹಾಗೇ ಇರಲಿ, ಅವರಿಗೆ ಅರ್ಧ ಬೆಲೆ.

ಕೊನೆಯದಾಗಿ, ನನ್ನನ್ನೂ ಕೊಟ್ಟುಬಿಡಿ. ತಂಡ ಬೆಳೆಸಿದ ಅಭಿಮಾನಿ ನಾನು, ದುಬಾರಿಯಾಗುವ ವಯಸ್ಸು ಬಂದಿದೆ, ಮಂಡಿ ನೋವೂ ಇದೆ. ಡಾಡ್ಜರ್ಸ್ ಒಪ್ಪಿದರೆ ಬದಲಿಗೆ ಅವರ ಮೂರು ಎಳೆಯ ಅಭಿಮಾನಿಗಳನ್ನು ತೆಗೆದುಕೊಳ್ಳಿ. ಒಬ್ಬನಿಗೆ ಇನ್ನೂ ಮುಂದಿನ ಹಲ್ಲು ಬಂದಿಲ್ಲವಂತೆ, ಇನ್ನೊಬ್ಬನ ಹೆಸರು ಜೀಟರ್ ಆಗಿದ್ದರೂ ಆಶ್ಚರ್ಯವಿಲ್ಲ. ನನ್ನ ಷರತ್ತು ಒಂದೇ. ಒಪ್ಪಂದದಲ್ಲಿ ಇನ್ನೂ ಹಲವು ವರ್ಷಗಳ ಸಿಟ್ಟು ಬಾಕಿಯಿದೆ, ಪ್ರೈಸ್ ವಿಷಯದಲ್ಲಿ ಮಾಡಿದಂತೆಯೇ ಅದರಲ್ಲಿ ಅರ್ಧವನ್ನು ಬಾಸ್ಟನ್ನೇ ಭರಿಸಬೇಕು.