ಅಕ್ಕ ಮಲ್ಲಿಗೆಯ ವಿಷಯ ಹೇಳುತ್ತಿದ್ದರು

ಸಂಜೆಯಿಂದ ತಲೆಯಲ್ಲಿ ಇದೇ ಸುತ್ತುತ್ತಿದೆ. ಬರೆಯದೆ ನಿದ್ದೆ ಬರಲಿಕ್ಕಿಲ್ಲ.

ಉಡುಪಿಯಲ್ಲಿ ಒಂದು ಸಂವಾದಕ್ಕೆ ಹೋಗಿದ್ದೆ. ಮಂಗಳಮುಖಿಯೊಬ್ಬರು ತಮ್ಮ ಬದುಕಿನ ಬಗ್ಗೆ ಮಾತಾಡುವುದಿತ್ತು. ಅವರದ್ದೊಂದು ಸಣ್ಣ ಹೂವಿನ ಅಂಗಡಿ ಇದೆ. ಎದುರಿಗೆ ಮೂರು ಕ್ಯಾಮೆರಾ. ಅಕ್ಕ ಮಲ್ಲಿಗೆಯಿಂದಲೇ ಶುರು ಮಾಡಿದರು. ಕಟ್ಟಿದ ಮಲ್ಲಿಗೆಯ ಲೆಕ್ಕ ಚೆಂಡಿನಲ್ಲಿ, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅಟ್ಟೆಗೆ ಎಷ್ಟು ಅಂತ ಮಲ್ಲಿಗೆ ಬೆಳೆಯುವ ಊರು ಶಂಕರಪುರದಲ್ಲಿ ದಿನಾ ನಿಗದಿಯಾಗುತ್ತದೆ. ಮದುವೆ ಸೀಸನ್‌ನಲ್ಲಿ ರೇಟು ಏರಿದರೆ ಗಿರಾಕಿಗಳ ಸಿಟ್ಟೆಲ್ಲ ಅಂಗಡಿಯಲ್ಲಿ ಕೂತವರ ಮೇಲೆ. ಹೇಳುತ್ತಾ ಹೇಳುತ್ತಾ ಅವರ ಬೆರಳುಗಳು ಗಾಳಿಯಲ್ಲೇ ಹೂ ಕಟ್ಟುತ್ತಿದ್ದವು. ಎರಡು ಮೊಗ್ಗು ಈಚೆ, ಎರಡು ಆಚೆ, ಬಾಳೆನಾರು ಒಂದು ಸುತ್ತು, ಒಂದು ಎಳೆತ. ನನ್ನ ಪಕ್ಕ ಕೂತಿದ್ದ ಹೆಂಗಸು ತನಗೆ ಗೊತ್ತಿಲ್ಲದೆಯೇ ತಲೆಯಾಡಿಸುತ್ತಿದ್ದರು.

ಅಷ್ಟರಲ್ಲಿ ನಿರೂಪಕರು, "ಅದು ಇರಲಿ ಮೇಡಂ, ನಿಮ್ಮ ಆಪರೇಷನ್ ಬಗ್ಗೆ ಸ್ವಲ್ಪ ಹೇಳಿ" ಅಂದರು.

ಬೆರಳುಗಳು ಅಲ್ಲೇ ನಿಂತವು.

ಆಮೇಲೆ ಹಳೆಯ ಹೆಸರು ಕೇಳಿದರು. ಆಮೇಲೆ ಮನೆಯಿಂದ ಹೊರಗೆ ಹಾಕಿದ ದಿನದ ಬಗ್ಗೆ. ಅಕ್ಕ ಅತ್ತರು. ಮೂರೂ ಕ್ಯಾಮೆರಾ ಹತ್ತಿರ ಬಂದವು. ಬಾಡಿಗೆ ಮನೆ ಹುಡುಕಿ ಸಾಕಾಗಿದೆ, ಫೋನಿನಲ್ಲಿ ಇದೆ ಅಂದವರು ಮುಖ ನೋಡಿದ ಕೂಡಲೇ ಬೇರೆಯವರಿಗೆ ಕೊಟ್ಟಾಯ್ತು ಅನ್ನುತ್ತಾರೆ ಅಂತ ನಡುವೆ ಹೇಳಿದ್ದರು. ಅದನ್ನು ಯಾರೂ ಮುಂದುವರಿಸಲಿಲ್ಲ. ಅದೂ ಇರಲಿ.

ನನಗೆ ಕೋಪ ಬಂದದ್ದು ಇದಕ್ಕೇ. ನಿಮ್ಮ ಕಥೆ ಹೇಳಿ ಅಂತ ಕರೆಯುತ್ತೇವೆ. ಬಂದ ಮೇಲೆ ನಮಗೆ ಬೇಕಾದ ಕಥೆ ಅವರ ಬಾಯಿಂದ ಹೊರಡಿಸುತ್ತೇವೆ. 2014ರ ಏಪ್ರಿಲ್ 15ರಂದು ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತ್ತು. ತಾನು ಯಾರು ಅಂತ ಹೇಳುವ ಹಕ್ಕು ಆ ವ್ಯಕ್ತಿಯದ್ದೇ, ಅದಕ್ಕೆ ಆಪರೇಷನ್ ಆಗಿರಲೇಬೇಕು ಅಂತ ಒತ್ತಾಯಿಸುವಂತಿಲ್ಲ ಅಂತ. ಕೋರ್ಟಿಗೆ ಬೇಡವಾದದ್ದು ತುಂಬಿದ ಸಭೆಯಲ್ಲಿ ನಮಗ್ಯಾಕೆ ಬೇಕು?

ಮಂಗಳಮುಖಿ ಕಲಾವಿದೆ ಮಂಜಮ್ಮ ಜೋಗತಿ ಅಂದರೆ ಹೆಚ್ಚಿನವರಿಗೆ ನೆನಪಾಗುವುದು 2021ರಲ್ಲಿ ಪದ್ಮಶ್ರೀ ತಗೊಳ್ಳುವಾಗ ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದ ದೃಶ್ಯ. ಚಂದದ ದೃಶ್ಯವೇ, ನಾನೂ ಶೇರ್ ಮಾಡಿದ್ದೆ. ಆದರೆ ಅವರಿಗೆ ಪದ್ಮಶ್ರೀ ಬಂದದ್ದು ಯಲ್ಲಮ್ಮನ ಭಕ್ತರಾದ ಜೋಗತಿಯರ ನೃತ್ಯಕ್ಕೆ, ವರ್ಷಗಟ್ಟಲೆ ಕಲಿತು ಕುಣಿದು ಉಳಿಸಿಕೊಂಡು ಬಂದ ಕಲೆಗೆ. ಆಗ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾಗಿದ್ದರು. ಅದನ್ನು ಎಷ್ಟು ಜನ ಶೇರ್ ಮಾಡಿದೆವು?

"ಕಣ್ಣೀರು ನೋಡಿದರೆ ತಾನೇ ಜನರ ಮನಸ್ಸು ಕರಗುವುದು" ಅಂತ ಕಾರ್ಯಕ್ರಮ ಮುಗಿದ ಮೇಲೆ ಗೆಳೆಯನೊಬ್ಬ ವಾದಿಸಿದ. ನಟ ಸಂಚಾರಿ ವಿಜಯ್ ಅವರಿಗೆ ರಾಷ್ಟ್ರ ಪ್ರಶಸ್ತಿ ತಂದುಕೊಟ್ಟ, ಮಂಗಳಮುಖಿಯ ಬದುಕಿನ ಸಿನಿಮಾ 'ನಾನು ಅವನಲ್ಲ ಅವಳು'ವಿನ ಉದಾಹರಣೆ ಕೊಟ್ಟ. ಅದನ್ನು ನೋಡಿ ನಾನೂ ಅತ್ತಿದ್ದೇನೆ ಮಾರಾಯ. ಆದರೆ ಅದಕ್ಕೆ ಆಧಾರ ಮಂಗಳಮುಖಿ ಲೇಖಕಿ ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆ. ನೋವನ್ನೂ ಹೇಳಿದ್ದಾರೆ, ಹೌದು. ಯಾವುದನ್ನು ಹೇಳಬೇಕು ಅಂತ ತೀರ್ಮಾನ ಮಾಡಿದ್ದು ಅವರು. ಯಾರೋ ಮೈಕ್ ಹಿಡಿದು ನಡುವೆ ಬಾಯಿ ಹಾಕಿ ಅಳಿಸಿದ್ದಲ್ಲ. ಮತ್ತೆ ಕರಗಿದ ಮನಸ್ಸಿನವರಲ್ಲಿ ಒಬ್ಬರಾದರೂ ಮನೆ ಬಾಡಿಗೆಗೆ ಕೊಡಬೇಕಿತ್ತಲ್ವಾ? ಇವತ್ತು ಸಭೆಯಲ್ಲಿ ಕಣ್ಣು ಒರೆಸಿಕೊಂಡವರಲ್ಲಿ ಸ್ವಂತ ಕಟ್ಟಡ ಇರುವವರೂ ಇದ್ದರು. ನನಗೆ ಗೊತ್ತು.

ಇನ್ನೊಂದು ಹೇಳಬೇಕು. ಇಷ್ಟು ದಿನ ಇಲ್ಲಿ ಬರೆದಿರಲಿಲ್ಲ.

ನಾನು ಹಿಂದೆ ಒಂದು ಚಾನೆಲ್‌ನಲ್ಲಿ ವಿಡಿಯೋ ಎಡಿಟಿಂಗ್ ಮಾಡುತ್ತಿದ್ದದ್ದು ನಿಮಗೆಲ್ಲ ಗೊತ್ತು. ಆಗ ಇಂಥದ್ದೇ ಒಂದು ಸಂದರ್ಶನ ನನ್ನ ಕೈಗೆ ಬಂದಿತ್ತು. ಟೈಲರಿಂಗ್ ಮಾಡುವ ಮಂಗಳಮುಖಿ ಒಬ್ಬರದ್ದು. 42 ನಿಮಿಷ ಇತ್ತು, 6 ನಿಮಿಷಕ್ಕೆ ಇಳಿಸಿದೆ. ಅತ್ತದ್ದು ಇಟ್ಟುಕೊಂಡೆ, ಹಿಂದೆ ಕೊಳಲು ಹಾಕಿದೆ. ಹೊಲಿಗೆ ಕಲಿತದ್ದು, ಮೊದಲ ಮೆಷಿನ್ ತಗೊಂಡದ್ದು ಎಲ್ಲ ಕತ್ತರಿಸಿದೆ. ಯಾರೂ ಹಾಗೆ ಮಾಡು ಅಂದಿರಲಿಲ್ಲ. ನನಗೇ ಅದು ಸರಿ ಅನ್ನಿಸಿತ್ತು. ವಿಡಿಯೋ ಚೆನ್ನಾಗಿ ಓಡಿತು. ಮರುದಿನ ಅವರು ಫೋನ್ ಮಾಡಿದರು. "ತಮ್ಮಾ, ಬ್ಲೌಸ್ ಹೊಲಿಯೋದು ಹಾಕಲೇ ಇಲ್ವಲ್ಲ? ಅದನ್ನ ನೋಡಿ ನಾಲ್ಕು ಗಿರಾಕಿ ಬರಬಹುದು ಅಂತಾನೇ ನಾನು ಮಾತಾಡಿದ್ದು." ಟೈಮ್ ಸಾಕಾಗಲಿಲ್ಲ ಅಕ್ಕ ಅಂದೆ. ಸುಳ್ಳು ಹೇಳಿದೆ. ಇವತ್ತು ಆ ಬೆರಳುಗಳು ನಿಂತಾಗ ನನಗೆ ಕೇಳಿಸಿದ್ದು ಆ ಫೋನ್.

ಹೊರಗೆ ಬಂದ ಮೇಲೆ ಹೂವಿನ ಅಕ್ಕನ ಹತ್ತಿರ ಹೋಗಿ, ಮಲ್ಲಿಗೆಯ ವಿಷಯ ಅರ್ಧಕ್ಕೇ ನಿಂತಿತಲ್ಲ ಅಂದೆ. ನನ್ನನ್ನು ಒಂದು ಕ್ಷಣ ನೋಡಿದರು. ಆಮೇಲೆ ಗೇಟಿನ ಹತ್ತಿರ ನಿಂತು ಇಪ್ಪತ್ತು ನಿಮಿಷ ಮಾತಾಡಿದರು. ಉಳಿದ ಹೂವನ್ನು ಸಂಜೆ ಏನು ಮಾಡುತ್ತಾರೆ, ಯಾವ ಗಿರಾಕಿ ಸಾಲ ಉಳಿಸಿಕೊಂಡಿದ್ದಾರೆ, ಎಲ್ಲ. ನಗುತ್ತಾ ಹೇಳಿದರು.

ಭಾನುವಾರ ಫೋನ್ ಹಿಡಿದು ಅವರ ಅಂಗಡಿಗೆ ಹೋಗುತ್ತಿದ್ದೇನೆ. ವಿಡಿಯೋ ಮೊದಲು ಅವರು ನೋಡುತ್ತಾರೆ. ಬೇಡ ಅಂದದ್ದು ಹೋಗುತ್ತದೆ, ಬೇಕು ಅಂದದ್ದು ಎಷ್ಟು ಉದ್ದ ಆದರೂ ಇರುತ್ತದೆ.

ಇದನ್ನೆಲ್ಲ ಅವರನ್ನು ಕೇಳಿಯೇ ಬರೆದಿದ್ದೇನೆ. ಉಡುಪಿ, ಮಣಿಪಾಲದ ಆಸುಪಾಸಿನಲ್ಲಿ ಒಂದು ರೂಮು, ಅಡುಗೆಮನೆ ಇರುವ ಬಾಡಿಗೆ ಮನೆ ಇದ್ದರೆ ನನಗೆ ಮೆಸೇಜ್ ಮಾಡಿ. ಬೆಳಿಗ್ಗೆ ಬೇಗ ಹೂ ತರಲಿಕ್ಕೆ ಹೋಗಬೇಕು, ಬಸ್‌ಸ್ಟ್ಯಾಂಡ್ ಹತ್ತಿರ ಆದರೆ ಒಳ್ಳೆಯದು ಅಂದಿದ್ದಾರೆ. ಅಡ್ವಾನ್ಸ್ ರೆಡಿ ಇದೆ.