ಸರ್, ಇದಕ್ಕೆ ಕೋಡೇ ಇಲ್ಲ

ಇದನ್ನ ಬರೀಬೇಕೋ ಬೇಡ್ವೋ ಅಂತ ಒಂದು ವಾರದಿಂದ ಯೋಚನೆ ಮಾಡ್ತಿದ್ದೆ, ಇಲ್ಲಿ ಹೆಂಡತಿ ತವರಿನೋರು, ಸೊಸೈಟಿಯೋರು, ನಮ್ಮ ಹೈಸ್ಕೂಲ್ ಮೇಷ್ಟ್ರು ಎಲ್ಲಾ ಇದಾರೆ. ಕಡೆಗೆ ಅವಳೇ "ಬರೀರಿ, ಊರಲ್ಲಿ ಗೊತ್ತಿಲ್ದೇ ಇರೋದು ಯಾರಿಗೆ" ಅಂದ್ಲು. ಮದುವೆಯಾಗಿ ಏಳು ವರ್ಷ, ಮಕ್ಕಳಿಲ್ಲ. ಹರಕೆ, ನಾಗರ ಪ್ರತಿಷ್ಠೆ, ನಾಟಿ ಔಷಧಿ ಎಲ್ಲಾ ಆಗಿದೆ, ಅದನ್ನ ಬಿಡಿ.

ಮೊದಲ ಎರಡು ವರ್ಷ ಟೆಸ್ಟ್ ಎಲ್ಲಾ ಇವಳಿಗೇ. ಥೈರಾಯ್ಡ್, ಅಂಡಾಣು ಎಷ್ಟು ಉಳಿದಿದೆ ಅಂತ ನೋಡೋ ಎಎಂಎಚ್, ದಿನ ಬಿಟ್ಟು ದಿನ ಸ್ಕ್ಯಾನಿಂಗ್, ಆಮೇಲೆ ಗರ್ಭನಾಳಕ್ಕೆ, ಅದೇ ಟ್ಯೂಬಿಗೆ, ಡೈ ಬಿಟ್ಟು ಎಕ್ಸರೇ ತೆಗೆಯೋ ಎಚ್‌ಎಸ್‌ಜಿ. ಅವತ್ತು ಬಸ್ಸಲ್ಲಿ ಹೊಟ್ಟೆ ಹಿಡ್ಕೊಂಡು ಕೂತೋಳು ತೀರ್ಥಹಳ್ಳಿ ಬರೋವರೆಗೂ ಒಂದು ಮಾತಾಡ್ಲಿಲ್ಲ. ನನಗೆ ಯಾರೂ ಒಂದು ಟೆಸ್ಟೂ ಬರೀಲಿಲ್ಲ, ನಾನೂ ಕೇಳ್ಲಿಲ್ಲ. ಹೊಳೀಲೇ ಇಲ್ಲ ಅಂದ್ರೆ ಸುಳ್ಳಾಗ್ತದೆ, ಹೊಳೆದಿತ್ತು, ಹೆದರಿಕೆ ಅಷ್ಟೇಯ. ಮೂರನೇ ಡಾಕ್ಟ್ರು "ಯಜಮಾನ್ರ ರಿಪೋರ್ಟ್ ಎಲ್ಲಿ" ಅಂದಾಗ ಫೈಲ್ ತಿರುವಿ ತಿರುವಿ ಹುಡುಕಿದ ಹಂಗೆ ಮಾಡಿದೆ, ಇದ್ರೆ ತಾನೇ ಸಿಗೋದು.

ವೀರ್ಯದ ಸ್ಯಾಂಪಲ್ ಒಂದು ಗಂಟೆ ಒಳಗೆ ಲ್ಯಾಬಿಗೆ ಮುಟ್ಟಬೇಕಂತೆ, ನಮ್ಮನೆಯಿಂದ ಶಿವಮೊಗ್ಗಕ್ಕೆ ಎರಡು ಗಂಟೆ ದಾರಿ, ಹಂಗಾಗಿ ಅಲ್ಲೇ ಕೊಡಬೇಕು. ತೋರಿಸಿದ ಜಾಗ ಎಂತದು ಅಂದ್ರೆ ಸಾರ್ವಜನಿಕ ಪಾಯಖಾನೆ, ಒಂದು ಒಡೆದ ಮಗ್ಗು, ಚಿಲಕದ ಬದಲು ಸುತ್ತಿದ ಸುತಳಿ, ಹೊರಗಿಂದ ಯಾರೋ "ಒಳಗ್ಯಾರ್ರೀ, ಬೇಗ" ಅಂತ ಬಡೀತಿದ್ರು. ಈಗ ನಗು ಬರ್ತದೆ, ಅವತ್ತು ಬರ್ಲಿಲ್ಲ. ರಿಪೋರ್ಟಲ್ಲಿ ವೀರ್ಯಾಣು ಕೌಂಟ್ ಕಮ್ಮಿ. ಎಲ್ಲಕ್ಕಿಂತ ಅಗ್ಗದ ಟೆಸ್ಟ್ ಮಾರಾಯ್ರೇ, ಮೊದಲ ದಿನವೇ ಆಗಬೇಕಿತ್ತು.

ದುಡ್ಡಿನ ವಿಷ್ಯ ಇನ್ನೊಂದು. ನಮ್ಮದು ಬಿಪಿಎಲ್, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಇದೆ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗಲ್ಲ ಅಂದ್ರೆ ರೆಫರಲ್ ಬರೆಸ್ಕೊಂಡು ಯೋಜನೆಗೆ ಸೇರಿರೋ ಬೇರೆ ಆಸ್ಪತ್ರೆಗೆ. ನಮ್ಮಪ್ಪಂಗೆ ಸ್ಟೆಂಟ್ ಹಾಕ್ಸಿದ್ದು ಹಿಂಗೇ, ಕೈಯಿಂದ ಏನೂ ಬೀಳ್ಲಿಲ್ಲ, ಆ ಧೈರ್ಯದ ಮೇಲೆ ಎರಡು ದಿನ ಕ್ಯೂ ನಿಂತು ಚೀಟಿ ಬರೆಸ್ಕೊಂಡೆ. ಸೀಲು, ಸಹಿ, ಎಲ್ಲಾ ಸರಿ. ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋದ್ರೆ ಕೌಂಟರಿನ ಹುಡುಗಿ ಕಂಪ್ಯೂಟರ್ ನೋಡಿ "ಸರ್, ಇದಕ್ಕೆ ಕೋಡೇ ಇಲ್ಲ" ಅಂದ್ಲು, ಅಂದ್ರೆ ಯೋಜನೆಯ ಚಿಕಿತ್ಸೆ ಪಟ್ಟೀಲೇ ಇದಿಲ್ಲ. ಪಾಪ ಅವಳ ತಪ್ಪಲ್ಲ. ಬಂಜೆತನದ ಚಿಕಿತ್ಸೆನ ಆಯುಷ್ಮಾನ್ ಯೋಜನೆಯಿಂದಲೇ ಹೊರಗಿಟ್ಟಿದಾರೆ, ಅದು ನಿಯಮ. ಆದ್ರೆ ಚೀಟಿ ಬರ್ದೋರು, ಸೀಲ್ ಹಾಕ್ದೋರು, ಮುಂದಿನ ಟೇಬಲ್ಲಿಗೆ ಕಳಿಸ್ದೋರು, ಇಷ್ಟು ಜನರಲ್ಲಿ ಒಬ್ರಾದ್ರೂ ಹೇಳಬಾರದಿತ್ತಾ. ಗರ್ಭಕೋಶ ತೆಗೆಸಕ್ಕೆ ಪ್ಯಾಕೇಜ್ ಇದೆ, ಅದೇ ಗರ್ಭಕೋಶ ತುಂಬಕ್ಕೆ ಇಲ್ಲ, ಇದೆಂತ ಲೆಕ್ಕ ಅಂತ ನಂಗಿನ್ನೂ ಅರ್ಥ ಆಗಿಲ್ಲ.

ನನ್ನ ಜೊತೆ ಓದಿದೋನೊಬ್ಬ ಕೇಂದ್ರ ಸರ್ಕಾರಿ ನೌಕರ. ಅವರಿಗೆ ಐವಿಎಫ್‌ಗೆ, ಅದೇ ಲ್ಯಾಬಲ್ಲಿ ಭ್ರೂಣ ಮಾಡಿ ಗರ್ಭಕೋಶಕ್ಕೆ ಬಿಡೋದಕ್ಕೆ, ಒಂದು ಸೈಕಲ್‌ಗೆ (ಒಂದು ಸಲದ ಪೂರ್ತಿ ಪ್ರಯತ್ನಕ್ಕೆ) 65,000 ರೂಪಾಯಿವರೆಗೆ, ಮೂರು ಸೈಕಲ್ ತನಕ ವಾಪಸ್ ಸಿಗ್ತದೆ. ಅವನಿಗೆ ಸಿಗಬಾರದು ಅಂತ ಅಲ್ಲ. ಸಂಬಳ ಬರೋರಿಗೆ ಕಾಯಿಲೆ, ಕೂಲಿ ಮಾಡೋರಿಗೆ ಶೋಕಿನಾ ಅನ್ನೋದು ಪ್ರಶ್ನೆ.

ಆಮೇಲೆ ಅಡಿಕೆ ಮಂಡೀಲಿ ಅಡ್ವಾನ್ಸ್ ತಗೊಂಡು ಪ್ರೈವೇಟಲ್ಲೇ ಐಯುಐ, ಅದೇ ವೀರ್ಯನ ನೇರ ಗರ್ಭಕೋಶಕ್ಕೆ ಬಿಡೋದು, ಎರಡು ಸಲ ಮಾಡಿಸಿದ್ವಿ. ಅದರ ಇಂಜೆಕ್ಷನ್ 2ರಿಂದ 8 ಡಿಗ್ರೀಲಿ ಇಡಬೇಕು. ಆಷಾಢದ ಮಳೆ, ಮರ ಬಿದ್ದು ಮೂರು ದಿನ ಕರೆಂಟಿಲ್ಲ, ಫ್ರಿಜ್ಜಲ್ಲಿ ಮೊಸರೂ ಹುಳಿಯಾಯ್ತು. ಮೀನು ಮಾರೋರ ಹತ್ರ ಐಸ್ ತಂದು ಥರ್ಮೋಕೋಲ್ ಡಬ್ಬೀಲಿ ಇಟ್ವಿ, ಔಷಧಿ ಡಬ್ಬಿಯೆಲ್ಲಾ ಬಂಗುಡೆ ವಾಸನೆ. ಎರಡೂ ಸಲ ಗರ್ಭ ನಿಲ್ಲಲಿಲ್ಲ. ಐವಿಎಫ್‌ಗೆ ಹೇಳಿದ್ದು 1 ಲಕ್ಷ 80 ಸಾವಿರ, ಔಷಧಿ ಬೇರೆ. ಎಲೆಚುಕ್ಕಿ ರೋಗ ಬಿದ್ದಿರೋ ಅಡಿಕೆ ತೋಟ ಇಟ್ಕೊಂಡು ಅಷ್ಟು ಎಲ್ಲಿಂದ ತರೋದು.

ನಮ್ಮೂರ ಆಶಾ ಅಕ್ಕ ಅರ್ಹ ದಂಪತಿ ರಿಜಿಸ್ಟರ್, ಅದೇ ಮಕ್ಕಳಾಗೋ ವಯಸ್ಸಿನ ಗಂಡ ಹೆಂಡತಿಯರ ಪಟ್ಟಿ, ಹಿಡ್ಕೊಂಡು ಬರ್ತಾರೆ. ಮಕ್ಕಳೆಷ್ಟು, ಆಪರೇಷನ್ ಆಗಿದ್ಯಾ, ಕಾಪರ್‌ಟಿ ಹಾಕ್ಸಿದಾರಾ. ನಮ್ಮ ಸಾಲಲ್ಲಿ ಸೊನ್ನೆ ಬರೆದು "ನಿಮ್ಮಂತೋರಿಗೆ ನಾನು ಬರಿಯೋದು ಇಷ್ಟೇ ಅಣ್ಣಾ" ಅಂದ್ರು. 1952ರಿಂದ ಕುಟುಂಬ ಯೋಜನೆ ನಡೆಸ್ತಿರೋ ದೇಶ ನಮ್ದು, "ಆರತಿಗೊಬ್ಬ ಮಗಳು ಕೀರ್ತಿಗೊಬ್ಬ ಮಗ" ಅಂತ ಗೋಡೆ ಗೋಡೆ ಮೇಲೆ ಬರೆದ್ರು, ಆಪರೇಷನ್ ಫ್ರೀ, ಮೇಲೆ ಕೈಗೆ ದುಡ್ಡು. ಆಗದೇ ಇರೋರಿಗೆ ಏನು ಅಂತ ಕೇಳಿದ್ರೆ "ಜನಸಂಖ್ಯೆ ನೋಡಿದೀರಾ, ದತ್ತು ತಗಳಿ" ಅಂತಾರೆ. ದತ್ತು ಒಳ್ಳೇದೇ, ಅದು ನಾವು ತೀರ್ಮಾನ ಮಾಡೋದು, ಕೌಂಟರಿನೋರಲ್ಲ. ಮತ್ತೆ ಜನಸಂಖ್ಯೆ ಅನ್ನೋದಾದ್ರೆ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು, ಎರಡಕ್ಕಿಂತ ಕಮ್ಮಿ, ಇದು 2019-21ರ ಸರ್ಕಾರಿ ಸರ್ವೇನೇ ಹೇಳಿದ್ದು.

ಗೋವಾದೋರು 2023ರಲ್ಲೇ ಸರ್ಕಾರಿ ಮೆಡಿಕಲ್ ಕಾಲೇಜಲ್ಲಿ ಫ್ರೀ ಐವಿಎಫ್ ಶುರು ಮಾಡಿದ್ರು. ನಾನು ಎಲ್ಲರಿಗೂ ಐವಿಎಫ್ ಕೊಡಿ ಅಂತಿಲ್ಲ, ಎಲ್ಲರಿಗೂ ಬೇಕಾಗೋದೂ ಇಲ್ಲ. ತಾಲ್ಲೂಕು ಆಸ್ಪತ್ರೇಲಿ ಗಂಡ ಹೆಂಡತಿ ಇಬ್ಬರಿಗೂ ಒಂದೇ ದಿನ ಟೆಸ್ಟ್ ಬರೀಲಿ, ಸ್ಯಾಂಪಲ್‌ಗೆ ಚಿಲಕ ಇರೋ ಒಂದು ರೂಮ್ ಕೊಡ್ಲಿ, ಜಿಲ್ಲಾ ಕೇಂದ್ರದಲ್ಲಿ ಐಯುಐ ಆಗ್ಲಿ, ಆಮೇಲೂ ಆಗದಿದ್ದೋರಿಗೆ ಐವಿಎಫ್ ಇರೋ ಒಂದು ಸರ್ಕಾರಿ ಜಾಗದ ಹೆಸರು ಆ ಚೀಟೀಲಿ ಇರ್ಲಿ. ಹೊಸದಾಗಿ ಓಡಾಡ್ತಿರೋರಿಗೂ ಒಂದು ಮಾತು: ಬೆಂಗಳೂರು ಬಸ್ ಹತ್ತೋ ಮುಂಚೆ ಆರೋಗ್ಯಮಿತ್ರರ (ಆಸ್ಪತ್ರೇಲಿ ಯೋಜನೆ ವಿಷ್ಯ ನೋಡ್ಕೊಳ್ಳೋರು) ಹತ್ರ ಈ ಚಿಕಿತ್ಸೆಗೆ ಕಾರ್ಡ್ ನಡೀತದಾ ಅಂತ ಬಾಯಿಬಿಟ್ಟು ಕೇಳಿ. ಮತ್ತೆ ಟ್ಯೂಬ್ ಬ್ಲಾಕ್ ಅಂದ್ರೆ ಟಿಬಿ ಇದ್ಯಾ ಅಂತಲೂ ಕೇಳಿ, ಟಿಬಿಯಿಂದಲೂ ಟ್ಯೂಬ್ ಮುಚ್ಚಬಹುದು, ಟಿಬಿ ಔಷಧಿ ಸರ್ಕಾರದಲ್ಲಿ ಪೂರ್ತಿ ಫ್ರೀ.

ಶಾಸಕರಿಗೆ, ಜಿಲ್ಲಾ ಆರೋಗ್ಯಾಧಿಕಾರಿಗೆ (ಡಿಎಚ್‌ಓ) ಒಂದು ಅರ್ಜಿ ಕೊಡಣ ಅಂತ ಇದೀವಿ. ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆಯೋರು ಸಹಿ ಹಾಕೋದಾದ್ರೆ ಮೆಸೇಜ್ ಮಾಡಿ, ಹೆಸರು ಹೊರಗೆ ಬರಲ್ಲ. ಅರ್ಜಿ ಹೆಂಡತಿ ಬರೀತಿದಾಳೆ, ನನ್ನ ಅಕ್ಷರ ಮೆಡಿಕಲ್ ಶಾಪಿನೋರಿಗೆ ಬಿಟ್ರೆ ಬೇರೆಯೋರಿಗೆ ಅರ್ಥ ಆಗಲ್ವಂತೆ.