ಯುಗಾದಿಗೆ ಮುಂಚೆ ಟಾರಿನ ಬಿರುಕು ಮುಚ್ಚಿಸೋಣ

ನಮ್ಮ ಲೇಔಟಿನ ಅಸೋಸಿಯೇಷನ್ ಸಭೆಯಲ್ಲಿ ಈ ವರ್ಷವೂ ಅದೇ ಮಾತು ಎದ್ದಿದೆ. ಒಳಗಿನ ರಸ್ತೆಗಳಿಗೆಲ್ಲ ಹೊಸದಾಗಿ ಟಾರು ಹಾಕಿಸಬೇಕಂತೆ. ಮನೆಗೆ ಇಷ್ಟು ಅಂತ ವಂತಿಗೆ ಎತ್ತಬೇಕಂತೆ. ಸಭೆಯಲ್ಲಿ ಮಾತಾಡೋಕೆ ಸಿಕ್ಕ ಸಮಯ ಸಾಲಲಿಲ್ಲ, ಅದಕ್ಕೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಗೇಟಿನಿಂದ ಪಾರ್ಕಿಂಗ್‌ವರೆಗೆ ಟಾರು ಹಾಕಿಸಿಕೊಂಡಿರುವ ಅಪಾರ್ಟ್‌ಮೆಂಟಿನವರು, ಸೈಟಿನೊಳಗೆ ಉದ್ದದ ಟಾರು ದಾರಿ ಇರುವವರು ಕೂಡ ಓದಲಿ ಅನ್ನೋದು ನನ್ನ ಆಸೆ.

ನಾನು ಹೇಳೋದು ಇಷ್ಟೇ. ಈ ವರ್ಷ ಹೊಸ ಟಾರು ಬೇಡ. ಇರುವ ಟಾರಿನ ಬಿರುಕುಗಳನ್ನು ಮಳೆಗೆ ಮುಂಚೆ ಮುಚ್ಚಿಸೋಣ. ಮುಂದಿನ ವರ್ಷವೂ ಅದನ್ನೇ ಮಾಡೋಣ.

ನಮ್ಮ ದೊಡ್ಡಪ್ಪನ ಮಗ ಕೆನಡಾದ ಒಟ್ಟಾವಾದಲ್ಲಿದ್ದಾನೆ. ಅಲ್ಲಿ ಎಷ್ಟೋ ಮನೆಗಳ ಮುಂದೆ ಕಾರು ನಿಲ್ಲಿಸೋ ಜಾಗಕ್ಕೆ ಟಾರೇ ಹಾಕಿರುತ್ತಾರೆ. ಚಳಿಗಾಲ ಬರೋ ಮುಂಚೆ ಅದರ ಬಿರುಕು ತುಂಬಿ, ಮೇಲೊಂದು ಕಪ್ಪು ಲೇಪ ಹಚ್ಚೋದು ಅಲ್ಲಿನವರಿಗೆ ಮಾಮೂಲಿ ಕೆಲಸ. ಕಾರಣ ಸರಳ. ಬಿರುಕಿನೊಳಗೆ ಇಳಿದ ನೀರು ಹೆಪ್ಪುಗಟ್ಟಿದಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ. ಹಿಗ್ಗಿ ಬಿರುಕನ್ನು ಅಗಲ ಮಾಡುತ್ತದೆ. ಹಗಲು ಕರಗಿ ಇನ್ನೂ ಕೆಳಗೆ ಇಳಿಯುತ್ತದೆ, ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ. ಹಿಮ ಕರಗೋ ಹೊತ್ತಿಗೆ ಕೂದಲೆಳೆ ಬಿರುಕು ಬೆರಳು ತೂರುವಷ್ಟು ಆಗಿರುತ್ತದೆ. ಲೇಪ ಹಚ್ಚೋಕೆ ಬಿಸಿಲು ಬೇಕು, ಉಷ್ಣಾಂಶ 10 ಡಿಗ್ರಿಗಿಂತ ಮೇಲಿರಬೇಕು. ಹಾಗಾಗಿ ಅಲ್ಲಿ ಬೇಸಿಗೆ ಮುಗಿಯೋದರೊಳಗೆ ಕೆಲಸ ಮುಗಿಸುತ್ತಾರೆ.

'ಅದು ಹಿಮದ ದೇಶದ ಮಾತು ಸಾರ್, ನಮಗ್ಯಾಕೆ?' ಅಂತ ಸಭೆಯಲ್ಲಿ ಒಬ್ಬರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಬೆಂಗಳೂರಲ್ಲಿ ನೀರು ಹೆಪ್ಪುಗಟ್ಟೋದಿಲ್ಲ. ಈ ಊರಿನ ದಾಖಲೆಯಲ್ಲಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಆದರೆ ಟಾರು ಕೀಳೋಕೆ ನೀರಿಗೆ ಹಿಮದ ಸಹಾಯ ಬೇಕಿಲ್ಲ. ಒಳಗೆ ಇಳಿಯೋಕೆ ದಾರಿ, ನಿಲ್ಲೋಕೆ ಜಾಗ, ಮೇಲೆ ಓಡಾಡೋಕೆ ಚಕ್ರ ಇದ್ದರೆ ಸಾಕು. ವರ್ಷಕ್ಕೆ ಹೆಚ್ಚುಕಡಿಮೆ 970 ಮಿಲಿಮೀಟರ್ ಮಳೆ ಬೀಳೋ ಊರು ನಮ್ಮದು. ಅಶ್ವಿನಿ, ಭರಣಿ ಮಳೆಯಿಂದ ಶುರುವಾದರೆ ದೀಪಾವಳಿ ದಾಟಿದ ಮೇಲೂ ಬಿಡೋದಿಲ್ಲ. ಸೆಪ್ಟೆಂಬರ್, ಅಕ್ಟೋಬರಲ್ಲಂತೂ ಸಂಜೆಯಾದರೆ ಸುರಿಯುತ್ತದೆ. ಅಲ್ಲಿ ಚಳಿಗಾಲ ಮಾಡೋ ಕೆಲಸವನ್ನು ಇಲ್ಲಿ ಮಳೆಗಾಲ ಮಾಡುತ್ತದೆ.

ಟಾರು ರಸ್ತೆಯ ಮೇಲ್ಪದರ ಅಂದರೆ ಬಹುಪಾಲು ಬರೀ ಜಲ್ಲಿ ಮತ್ತು ಜಲ್ಲಿಪುಡಿ. ನಾವು ಟಾರು ಅನ್ನೋ ಕಪ್ಪು ಅಂಟು ನಿಜಕ್ಕೂ ಕಚ್ಚಾತೈಲದಿಂದ ಬರೋ ಬಿಟುಮೆನ್. ನೂರು ಕೆ.ಜಿ. ಮಿಶ್ರಣದಲ್ಲಿ ಅದು ಇರೋದು ಐದು ಕೆ.ಜಿ. ಆಸುಪಾಸು. ಆ ಐದು ಕೆ.ಜಿ.ಯೇ ಉಳಿದದ್ದನ್ನೆಲ್ಲ ಹಿಡಿದಿಟ್ಟುಕೊಂಡಿರುತ್ತದೆ. ಏಪ್ರಿಲ್ ಬಿಸಿಲಿಗೆ ರಸ್ತೆಯ ಮೈ 60 ಡಿಗ್ರಿವರೆಗೂ ಕಾಯುತ್ತದೆ. ಬಿಸಿಲಿಗೆ, ಗಾಳಿಗೆ ಬಿಟುಮೆನ್ನಿನ ಜಿಗುಟು ವರ್ಷ ವರ್ಷ ಕಡಿಮೆಯಾಗುತ್ತದೆ. ಕಪ್ಪಗಿದ್ದದ್ದು ಬೂದು ಬಣ್ಣಕ್ಕೆ ತಿರುಗಿತು ಅಂದರೆ ಅದು ಪೆಡಸಾಗಿದೆ ಅಂತ ಅರ್ಥ. ಆಮೇಲೆ ಸಣ್ಣ ಸಣ್ಣ ಬಿರುಕು ಬಿಡುತ್ತದೆ. ಅಲ್ಲಿಂದ ನೀರು ಒಳಗೆ ಹೋಗುತ್ತದೆ.

ಒಳಗೆ ಹೋದ ನೀರು ಏನು ಮಾಡುತ್ತದೆ ಅಂತ ನೋಡಬೇಕು ಅನ್ನೋರು ನಮ್ಮ ಪಾರ್ಕಿನ ಮೂಲೆಯ ಗುಂಡಿ ಹತ್ತಿರ ಬನ್ನಿ. ಅಂಚಿನಲ್ಲಿ ಕಿತ್ತುಬಂದಿರೋ ಒಂದು ಹೆಂಟೆ ಕೈಗೆತ್ತಿಕೊಂಡು ಮುರಿದೆ. ಮೇಲೆ ಕಪ್ಪಗಿತ್ತು. ತಳದ ಜಲ್ಲಿ ಮಾತ್ರ ತೊಳೆದಿಟ್ಟ ಹಾಗೆ ಬೆಳ್ಳಗಿತ್ತು, ಒಂದು ತೊಟ್ಟು ಟಾರು ಅಂಟಿರಲಿಲ್ಲ. ನಿಂತ ನೀರು ಕಲ್ಲಿಗೂ ಬಿಟುಮೆನ್ನಿಗೂ ನಡುವೆ ನುಗ್ಗಿ ಎರಡನ್ನೂ ಬಿಡಿಸಿಬಿಟ್ಟಿದೆ. ಅದರ ಕೆಳಗಿನ ವೆಟ್ ಮಿಕ್ಸ್, ಅಂದರೆ ಜಲ್ಲಿ, ಪುಡಿಗೆ ನೀರು ಕಲಸಿ ದಮ್ಮಸ್ಸು ಮಾಡಿದ ಪದರ, ಒಣಗಿದ್ದಾಗ ಗಟ್ಟಿ, ನೀರು ಕುಡಿದರೆ ಸಡಿಲ. ಕಾರು ಹಾದಾಗ ಬಿರುಕಿನಿಂದ ಮಣ್ಣುನೀರು ಚಿಮ್ಮೋದನ್ನು ನೋಡಿದ್ದೀರಲ್ವಾ? ಚಿಮ್ಮಿದ ಪ್ರತಿ ಸಲವೂ ಕೆಳಗಿನ ಪುಡಿ ಅಷ್ಟಷ್ಟೇ ಹೊರಗೆ ಹೋಗುತ್ತದೆ, ಒಳಗೆ ಪೊಳ್ಳಾಗುತ್ತದೆ. ಒಂದು ದಿನ ಮೇಲ್ಪದರ ಕುಸಿಯುತ್ತದೆ. ನಾವು ಗುಂಡಿ ಬಿತ್ತು ಅನ್ನೋದು ಆಗ.

ಬಿರುಕು ಎಲ್ಲಿದೆ ಅಂತ ಹುಡುಕೋಕೆ ಎಂಜಿನಿಯರೇ ಬೇಕಿಲ್ಲ. ಮಳೆ ನಿಂತು ಅರ್ಧ ಗಂಟೆ ಬಿಟ್ಟು ರಸ್ತೆ ನೋಡಿ. ಉಳಿದ ಕಡೆ ಒಣಗಿರುತ್ತದೆ, ಬಿರುಕು ಇರುವಲ್ಲಿ ಒದ್ದೆ ಗೆರೆ ಹಾಗೇ ಉಳಿದಿರುತ್ತದೆ. ಫೋಟೋ ತೆಗೆದಿಟ್ಟುಕೊಳ್ಳಿ. ಅದಕ್ಕಿಂತ ಒಳ್ಳೇ ನಕ್ಷೆ ಬೇರೆ ಸಿಗೋದಿಲ್ಲ.

ಈಗ ಹೊಸ ಟಾರಿನ ವಿಷಯಕ್ಕೆ ಬರುತ್ತೇನೆ. ನನಗೆ ನಿಜವಾಗಿ ಸಂಕಟ ಆಗೋದು ಇಲ್ಲಿ. ಹಳೇ ಪದರದ ಮೇಲೆ ಹೊಸ ಪದರ ಹಾಕಿದರೆ ಕೆಳಗಿನ ಬಿರುಕು ಹಾಗೇ ಇರುತ್ತದೆ. ಕೆಳಗೆ ಬಾಯಿ ತೆರೆದಿರೋ ಬಿರುಕು ಒಂದೆರಡು ಮಳೆಗಾಲದಲ್ಲಿ ಮೇಲಿನ ಪದರಕ್ಕೂ ಏರಿಬರುತ್ತದೆ, ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ. ಅದಿರಲಿ, ರಸ್ತೆಯ ಎತ್ತರದ ಗತಿ ಏನು? ನಮ್ಮ ಅಡ್ಡರಸ್ತೆಯಲ್ಲಿ ಒಂದು ಹಳೇ ಮನೆ ಇದೆ. ಕಟ್ಟಿಸಿದಾಗ ರಸ್ತೆಯಿಂದ ಮೆಟ್ಟಿಲು ಹತ್ತಿ ಗೇಟಿಗೆ ಹೋಗಬೇಕಿತ್ತು. ಈಗ ರಸ್ತೆಯಿಂದ ಗೇಟಿಗೆ ಇಳಿಯಬೇಕು. ಪದರದ ಮೇಲೆ ಪದರ ಹಾಕಿದವರು ಯಾರೂ ಹಳೇದನ್ನು ಕೆರೆದು ತೆಗೆಸಲಿಲ್ಲ. ಜೋರು ಮಳೆ ಬಂದರೆ ಆ ಮನೆಯ ಅಜ್ಜಿ ಗೇಟಿನ ಕೆಳಗೆ ಮರಳಿನ ಮೂಟೆ ಇಡಿಸಿ, ಸಂಪಿನ ಮುಚ್ಚಳದ ಸುತ್ತ ಪ್ಲಾಸ್ಟಿಕ್ ಕಟ್ಟಿಸಿ, ಟಾರ್ಚ್ ಹಿಡಿದು ಕಾಯುತ್ತಾರೆ. ರಸ್ತೆಯ ನೀರು ಸಂಪಿಗೆ ಬಿದ್ದರೆ ಕುಡಿಯೋ ನೀರೆಲ್ಲ ಹೋಯಿತು. ಬೆಂಗಳೂರಲ್ಲಿ ಇಂಥ ಮನೆ ಯಾವ ಬಡಾವಣೆಯಲ್ಲಿಲ್ಲ ಹೇಳಿ? ಹೊಸ ಟಾರು ಹಾಕಲೇಬೇಕಾದ ದಿನ ಬಂದರೆ ಹಳೇ ಪದರವನ್ನು ಮಿಲ್ಲಿಂಗ್ ಮಾಡಿ, ಅಂದರೆ ಯಂತ್ರದಿಂದ ಕೆರೆದು ತೆಗೆದು, ಎತ್ತರ ಅಷ್ಟೇ ಇಟ್ಟು ಹಾಕಬೇಕು. ಆ ಷರತ್ತು ಕೊಟೇಷನ್ನಿನಲ್ಲೇ ಬರೆದಿರಬೇಕು.

ಹಾಗಾದರೆ ಮುಚ್ಚೋದು ಅಂದರೆ ಏನು? ಎರಡು ಬೇರೆ ಬೇರೆ ಕೆಲಸ. ಬಿರುಕು ತುಂಬೋದು ಒಂದು. ಇಡೀ ಮೈಗೆ ತೆಳುವಾದ ಲೇಪ ಕೊಡೋದು ಇನ್ನೊಂದು. ಮೊದಲನೆಯದನ್ನು ಬಿಟ್ಟು ಎರಡನೆಯದು ಮಾಡಿಸಿದರೆ ಕಣ್ಣಿಗೆ ಚೆಂದ, ಅಷ್ಟೇ. ಹೋದ ವರ್ಷ ಪಕ್ಕದ ಲೇಔಟಿನಲ್ಲಿ ಒಬ್ಬ ಕಂಟ್ರಾಕ್ಟರ್ ಡ್ರಮ್ಮಿನಲ್ಲಿ ಕಪ್ಪು ದ್ರವ ತಂದು ಧೂಳಿನ ಮೇಲೇ ಬಳಿದು ಹೋದ. ಗಣಪತಿ ಹಬ್ಬದ ಹೊತ್ತಿಗೆ ಅದು ಹಪ್ಪಳೆ ಎದ್ದು ಹೋಗಿತ್ತು, ಬಿರುಕು ಮಾತ್ರ ಇದ್ದಲ್ಲೇ ಇತ್ತು.

ಬಿರುಕು ತುಂಬೋದು ತಾಳ್ಮೆಯ ಕೆಲಸ. ಮೊದಲು ಬಿರುಕಿನಲ್ಲಿ ಬೆಳೆದಿರೋ ಹುಲ್ಲನ್ನು ಬೇರು ಸಮೇತ ಕೀಳಬೇಕು. ಆಮೇಲೆ ತಂತಿ ಬ್ರಷ್ಷಿನಿಂದ ಉಜ್ಜಿ, ಬ್ಲೋವರ್ ಹಿಡಿದು ಧೂಳು ಹೊರಗೆ ಹಾರಿಸಬೇಕು. ಒಳಗೆ ಪೂರ್ತಿ ಒಣಗಿರಬೇಕು. ಸಣ್ಣ ಬಿರುಕಿಗೆ ಬಿಟುಮೆನ್ ಎಮಲ್ಷನ್ ಸುರಿದರೆ ಸಾಕು. ಅಗಲ ಇದ್ದರೆ ಅದಕ್ಕೆ ಜಲ್ಲಿಪುಡಿ ಕಲಸಿ ತುಂಬಬೇಕು. ಎಮಲ್ಷನ್ ಅಂದರೆ ನೀರಿನಲ್ಲಿ ಬಿಟುಮೆನ್ನಿನ ಸಣ್ಣ ಹನಿಗಳು ತೇಲುತ್ತಿರೋ ದ್ರವ. ಬೆಂಕಿ ಬೇಡ, ಹೊಗೆ ಇಲ್ಲ, ಮನೆಗಳ ನಡುವೆ ಕೆಲಸ ಮಾಡೋಕೆ ಅನುಕೂಲ. ಸುರಿದಾಗ ಚಾಕಲೇಟ್ ಕಂದು ಬಣ್ಣ ಇರುತ್ತದೆ. ನೋಡನೋಡುತ್ತಾ ಅಂಚಿನಿಂದ ಕಪ್ಪಾಗುತ್ತಾ ಬರುತ್ತದೆ. ಪೂರ್ತಿ ಕಪ್ಪಾದರೆ ಬಿಟುಮೆನ್ ನೀರಿನಿಂದ ಬೇರೆಯಾಗಿ ಕಲ್ಲಿಗೆ ಅಂಟಿದೆ ಅಂತ ಲೆಕ್ಕ. ನೀರು ಆರಿದ ಮೇಲೆ ಸ್ವಲ್ಪ ಕುಸಿಯುತ್ತದೆ, ಆಗ ಇನ್ನೊಂದು ಸಲ ತುಂಬಬೇಕು. ಎಷ್ಟೋ ಜನ ಕೆಲಸಗಾರರು ಈ ಎರಡನೇ ಸುತ್ತನ್ನೇ ಬಿಟ್ಟುಬಿಡುತ್ತಾರೆ, ನಿಂತು ಮಾಡಿಸಬೇಕು. ಕೊನೆಗೆ ಮೇಲೆ ಒಂದಿಷ್ಟು ಜಲ್ಲಿಪುಡಿ ಉದುರಿಸಿದರೆ ಟೈರಿಗೆ ಅಂಟೋದಿಲ್ಲ.

ಇಡೀ ಮೈಗೆ ಲೇಪ ಬೇಕಿದ್ದರೆ ಸ್ಲರಿ ಸೀಲ್ ಅಂತ ಕೇಳಿ. ಎಮಲ್ಷನ್, ಜಲ್ಲಿಪುಡಿ, ನೀರು, ಒಂಚೂರು ಸಿಮೆಂಟ್ ಕಲಸಿ ತೆಳುವಾಗಿ ಎಳೆಯೋದು. ಎಮಲ್ಷನ್ನಿಗೆ ನಮ್ಮಲ್ಲಿ ಐಎಸ್ 8887 ಅನ್ನೋ ಮಾನದಂಡ ಇದೆ, ಸ್ಲರಿಗೆ ಎಸ್‌ಎಸ್-2 ದರ್ಜೆ. ಡ್ರಮ್ಮಿನ ಮೇಲೆ ಅದು ಬರೆದಿದೆಯಾ ನೋಡಿ. ಹಚ್ಚಿದ ಮೇಲೆ ಒಂದು ದಿನ ಕಾರು ಬಿಡಬಾರದು. ಹೊಸದಾಗಿ ಹಾಕಿದ ಟಾರಿಗೆ ಲೇಪ ಹಚ್ಚೋಕೆ ಆರು ತಿಂಗಳಾದರೂ ಕಾಯಬೇಕು. ಲೇಪವನ್ನು ಪ್ರತಿ ವರ್ಷ ಹಚ್ಚೋದೂ ತಪ್ಪು, ಪದರ ದಪ್ಪವಾದರೆ ಸಿಪ್ಪೆ ಸುಲಿಯುತ್ತದೆ. ಮೂರು ನಾಲ್ಕು ವರ್ಷಕ್ಕೊಮ್ಮೆ ಸಾಕು. ಬಿರುಕು ತುಂಬೋದು ಮಾತ್ರ ಪ್ರತಿ ವರ್ಷದ ಕೆಲಸ. ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸುತ್ತಾರಲ್ಲ, ಇದೂ ಹಾಗೇ.

ಒಂದು ಮಾತು ಒಪ್ಪಿಕೊಳ್ಳಬೇಕು. ಲೇಪದಿಂದ ರಸ್ತೆಗೆ ಬಲ ಬರೋದಿಲ್ಲ. ಎರಡನೇ ಅಡ್ಡರಸ್ತೆಯ ತುದಿಯಲ್ಲಿ ಮೊಸಳೆ ಚರ್ಮದ ಹಾಗೆ ಚೌಕ ಚೌಕ ಒಡೆದಿದೆಯಲ್ಲ, ಅಲ್ಲಿ ತಳಪಾಯವೇ ಹೋಗಿದೆ. ಅದನ್ನು ಚೌಕವಾಗಿ ಕತ್ತರಿಸಿ ತೆಗೆದು, ಕೆಳಗಿನಿಂದ ಜಲ್ಲಿ ತುಂಬಿ ದಮ್ಮಸ್ಸು ಮಾಡಿ, ಅಷ್ಟಕ್ಕೆ ಮಾತ್ರ ಹೊಸ ಟಾರು ಹಾಕಬೇಕು. ಹಾಳಾಗಿರೋದು ಅಷ್ಟು ಜಾಗ, ಅದಕ್ಕೋಸ್ಕರ ಇಡೀ ಲೇಔಟಿಗೆ ಟಾರು ಯಾಕೆ?

ಆ ತುದಿಯೇ ಯಾಕೆ ಒಡೆಯಿತು ಅನ್ನೋದಕ್ಕೆ ಟ್ಯಾಂಕರ್ ಕಾರಣ ಅನ್ನೋದು ನನ್ನ ನಂಬಿಕೆ. 12,000 ಲೀಟರಿನ ಟ್ಯಾಂಕರಿನಲ್ಲಿ ನೀರಿನ ತೂಕವೇ 12 ಟನ್. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿದಾಗ ದಿನವಿಡೀ ಅವು ಅಲ್ಲೇ ನಿಂತು ಸಂಪು ತುಂಬಿಸುತ್ತಿದ್ದವು. ಪೈಪಿನಿಂದ ಸೋರಿದ ನೀರೆಲ್ಲ ಅದೇ ಜಾಗಕ್ಕೆ ಬೀಳುತ್ತಿತ್ತು. ಟ್ಯಾಂಕರ್ ನಿಲ್ಲೋ ಜಾಗಕ್ಕೆ ಕಾಂಕ್ರೀಟ್ ಹಾಕಿಸೋದು ಒಳ್ಳೇದು.

ನೀರು ಹರಿದುಹೋಗೋ ದಾರಿ ಸರಿ ಇಲ್ಲದಿದ್ದರೆ ಮೇಲಿನದೆಲ್ಲ ದಂಡ. ಹತ್ತು ಅಡಿ ಅಗಲಕ್ಕೆ ಎರಡೂವರೆಯಿಂದ ಮೂರು ಇಂಚು ಇಳಿಜಾರು ಬೇಕು. ಮೋರಿಯ ಜಾಲರಿ ಮೇಲೆ ಹೊಂಗೆ ಎಲೆ ಕೂತಿದ್ದರೆ ಇಳಿಜಾರಿದ್ದೂ ಪ್ರಯೋಜನ ಇಲ್ಲ. ಕೇಬಲ್ಲಿಗೆ ಅಂತ ರಸ್ತೆ ಅಗೆಯೋಕೆ ಬರೋರಿಂದ ಡಿಪಾಸಿಟ್ ಇಸಿದುಕೊಂಡು, ಹೊಸ ತೇಪೆಯ ನಾಲ್ಕೂ ಅಂಚಿಗೆ ಎಮಲ್ಷನ್ ಹಚ್ಚಿದ ಮೇಲೇ ವಾಪಸ್ ಕೊಡಬೇಕು. ತೇಪೆಗೂ ಹಳೇ ಟಾರಿಗೂ ನಡುವಿನ ಸಂದಿಯೇ ಮುಂದಿನ ಬಿರುಕು. ಎಂಜಿನ್ ಆಯಿಲ್ ಸೋರೋ ಗಾಡಿ ಇದ್ದವರು ದಯವಿಟ್ಟು ರಿಪೇರಿ ಮಾಡಿಸಿ. ಆಯಿಲ್, ಡೀಸೆಲ್ ಬಿದ್ದಲ್ಲಿ ಬಿಟುಮೆನ್ ಮೆತ್ತಗಾಗುತ್ತದೆ.

ಇನ್ನೊಂದು ಎಚ್ಚರಿಕೆ. ಕಲ್ಲಿದ್ದಲಿನಿಂದ ಬರುವ ಕೋಲ್ ಟಾರ್ ಲೇಪ ಅಂತ ಯಾರಾದರೂ ಮಾರೋಕೆ ಬಂದರೆ ಬೇಡ ಅನ್ನಿ. ಪೆಟ್ರೋಲು ಬಿದ್ದರೂ ಅದು ಕರಗೋದಿಲ್ಲ, ನಿಜ. ಆದರೆ ಅದರಲ್ಲಿ ಕ್ಯಾನ್ಸರ್ ತರಬಲ್ಲ ರಾಸಾಯನಿಕಗಳು ಬಿಟುಮೆನ್ನಿಗಿಂತ ಎಷ್ಟೋ ಪಟ್ಟು ಜಾಸ್ತಿ. ಸವೆದ ಪುಡಿ ಮಳೆನೀರಿನ ಜೊತೆ ಕೆರೆ, ಹಳ್ಳಕ್ಕೆ ಸೇರುತ್ತದೆ. ಅಮೆರಿಕದ ಆಸ್ಟಿನ್ ನಗರ 2006ರಲ್ಲೇ ಅದನ್ನು ನಿಷೇಧಿಸಿತು, ವಾಷಿಂಗ್ಟನ್ ರಾಜ್ಯ 2011ರಲ್ಲಿ. ನಮ್ಮ ಊರಲ್ಲಿ 2009ರಲ್ಲಿ ಮಳೆನೀರು ಕೊಯ್ಲು ಕಡ್ಡಾಯ ಮಾಡಿದ ಮೇಲೆ ಎಷ್ಟೋ ಲೇಔಟುಗಳು ರಸ್ತೆಯ ನೀರನ್ನೇ ಇಂಗುಬಾವಿಗೆ ಬಿಟ್ಟಿವೆ. ನಮ್ಮದರಲ್ಲೂ ಹಾಗೇ ಇದೆ. ಅಂತರ್ಜಲಕ್ಕೆ ಆ ಪುಡಿ ಇಳಿಯೋದು ಯಾರಿಗೂ ಬೇಡ.

ಶಿವರಾತ್ರಿಯಿಂದ ಯುಗಾದಿವರೆಗಿನ ದಿನಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿವೆ. ಮಳೆ ಕಡಿಮೆ, ಬಿಸಿಲು ಬೇಕಾದಷ್ಟು. ಮೇ ತಿಂಗಳಿಗೆ ಮುಂದೂಡಿದರೆ ಸಂಜೆ ಮಳೆ ಬಂದು ಹಸಿ ಎಮಲ್ಷನ್ನೆಲ್ಲ ಮೋರಿ ಸೇರುತ್ತದೆ.

ಮುಂದಿನ ಸಭೆಗೆ ಮುಂಚೆ ಎಲ್ಲ ಅಡ್ಡರಸ್ತೆಗಳ ಬಿರುಕಿನ ಉದ್ದ ಅಳೆದು ಪಟ್ಟಿ ಮಾಡಬೇಕು ಅಂದುಕೊಂಡಿದ್ದೇನೆ. ಅಂಕಿಯೇ ಕೈಲಿದ್ದರೆ ಹೊಸ ಟಾರಿನ ಕೊಟೇಷನ್ ಪಕ್ಕ ಇಟ್ಟು ಹೋಲಿಸಬಹುದು. ಈ ಭಾನುವಾರ ಬೆಳಿಗ್ಗೆ ಏಳಕ್ಕೆ ಪಾರ್ಕಿನ ಗೇಟಿನಿಂದ ಶುರು. ಟೇಪು, ಸೀಮೆಸುಣ್ಣ ನಾನು ತರುತ್ತೇನೆ. ಟೇಪಿನ ಆ ತುದಿ ಹಿಡಿಯೋಕೆ, ಬರೆದುಕೊಳ್ಳೋಕೆ ಒಂದಿಬ್ಬರು ಬೇಕು. ಬರೋರು ಕೆಳಗೆ ಹೆಸರು ಹಾಕಿ.